ಹೊಳೆಗೂ ಬ್ಯಾಂಕ್ ಉಂಟಾ? ಒಂದು ಇಂಗ್ಲಿಷ್ ಪದದ ಬೇರು ಹುಡುಕುವ ಬಗೆ

ಅಣ್ಣನ ಮಗಳು ಏಳನೇ ಕ್ಲಾಸು. ಒಂದು ಮಳೆಗಾಲದ ಸಂಜೆ ಇಂಗ್ಲಿಷ್ ಹೋಮ್‌ವರ್ಕ್ ಹಿಡಿದುಕೊಂಡು ಜಗಲಿಗೆ ಬಂದಳು. ಪಾಠದಲ್ಲಿ ಇಬ್ಬರು ಮಕ್ಕಳು ‘ಬ್ಯಾಂಕ್’ ಮೇಲೆ ಕೂತು ಗಾಳ ಹಾಕುತ್ತಿದ್ದರು.

“ಚಿಕ್ಕಪ್ಪ, ಇವರು ಬ್ಯಾಂಕಿನ ಮೇಲೆ ಹತ್ತಿ ಕೂತದ್ದು ಯಾಕೆ? ಅಲ್ಲಿ ಮೀನು ಸಿಗ್ತದಾ?”

ಅದು ಹೊಳೆಯ ದಂಡೆ ಮಾರಾಯ್ತಿ ಅಂದೆ. ಅವಳು ಬಿಡಲಿಲ್ಲ. “ಹೊಳೆಗೂ ಬ್ಯಾಂಕ್ ಉಂಟಾ? ಹಣ ಇಡುವ ಬ್ಯಾಂಕೂ ಇದೂ ಒಂದೇಯಾ?” ಒಂದೇ ಅಲ್ಲ, ಸುಮ್ನೆ ಉಚ್ಚಾರ ಒಂದೇ ಆಗಿದೆ ಅಷ್ಟೆ ಎಂದು ಹೇಳಿ ಕಳಿಸಿದೆ. ರಾತ್ರಿ ಊಟ ಆದ ಮೇಲೆ ಕುತೂಹಲಕ್ಕೆ ನಿಘಂಟು ತೆಗೆದೆ. ನೋಡಿದರೆ ನಾನು ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು.

ಆ ರಾತ್ರಿ ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ದಾರಿ ಹಿಡಿದರೆ ಯಾವ ಇಂಗ್ಲಿಷ್ ಪದದ ಮನೆತನವನ್ನೂ ನೀವೇ ಹುಡುಕಬಹುದು. ಉದಾಹರಣೆಗೆ ‘ಬ್ಯಾಂಕ್’ ಪದವನ್ನೇ ಇಟ್ಟುಕೊಳ್ಳೋಣ. ಉಡುಪಿ ಮಂಗಳೂರಿನವರಿಗೆ ಇದಕ್ಕಿಂತ ಹತ್ತಿರದ ಇಂಗ್ಲಿಷ್ ಪದ ಬೇರೆ ಯಾವುದಿದೆ? 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು ಹುಟ್ಟಿತು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಕಾಲು ಶತಮಾನದಲ್ಲಿ ಐದು! ವಿಲೀನದ ಮೇಲೆ ಈಗ ಬೋರ್ಡಿನಲ್ಲಿ ಉಳಿದಿರುವುದು ಎರಡೇ ಹೆಸರು.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್. ಪದದ ಮೂಲ ಕೊಡುವ ಒಂದು ಇಂಗ್ಲಿಷ್ ನಿಘಂಟು. ಮಕ್ಕಳು ಶಾಲೆಗೆ ಒಯ್ಯುವ ಪಾಕೆಟ್ ನಿಘಂಟು ಸಾಲದು, ಅದರಲ್ಲಿ ಅರ್ಥ ಮಾತ್ರ ಇರುತ್ತದೆ. ಮೊಬೈಲ್ ಇದ್ದರೆ ಖರ್ಚೇ ಇಲ್ಲ. ಮೆರಿಯಂ ವೆಬ್‌ಸ್ಟರ್ ಜಾಲತಾಣದಲ್ಲಿ ಅರ್ಥದ ಕೆಳಗೆ ಮೂಲವನ್ನೂ ಕೊಟ್ಟಿರುತ್ತಾರೆ. ಎಟಿಮಾನ್‌ಲೈನ್ ಎಂಬ ತಾಣ ಇರುವುದೇ ಇದಕ್ಕಾಗಿ.

ಕನ್ನಡದ ಕಡೆಗೂ ಒಂದು ಪುಸ್ತಕ ಇರಲಿ. ಕಿಟೆಲ್ಲರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ, ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ತುಳು ಮನೆಮಾತಿನವರಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟು ಉಂಟು. ಇವು ಯಾಕೆ ಬೇಕು ಎನ್ನುವುದು ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 1: ನಿಘಂಟು ತೆಗೆಯುವ ಮೊದಲು ಕಿವಿ ತೆರೆಯಿರಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಪದ ಸಿಕ್ಕಿದ ಕೂಡಲೇ ಮೂಲ ಹುಡುಕಲು ಓಡುತ್ತಾರೆ. ಮೊದಲು ಒಂದೆರಡು ದಿನ ಆ ಪದವನ್ನು ಜನ ಎಲ್ಲೆಲ್ಲಿ ಹೇಳುತ್ತಾರೆ ಅಂತ ಕೇಳಿಸಿಕೊಳ್ಳಿ. ಪದ ಒಂದನ್ನೇ ಬರೆಯಬೇಡಿ, ಪೂರ್ತಿ ಮಾತು ಬರೆಯಿರಿ.

ನಾನೂ ಅವಳೂ ಸೇರಿ ಮಾಡಿದ ಪಟ್ಟಿ ಹೀಗಿತ್ತು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಬೇಕು. ಬ್ಲಡ್ ಬ್ಯಾಂಕಿನಲ್ಲಿ ಓ ನೆಗೆಟಿವ್ ಉಂಟಾ ಕೇಳಿ. ಪವರ್ ಬ್ಯಾಂಕ್ ಚಾರ್ಜಿಗಿಡು. ಪರೀಕ್ಷೆಗೆ ಕ್ವೆಶ್ಚನ್ ಬ್ಯಾಂಕ್ ಬಂದಿದೆ. ಟಿವಿಯಲ್ಲಿ ವೋಟ್ ಬ್ಯಾಂಕ್. ಪಾಠದಲ್ಲಿ ಹೊಳೆಯ ಬ್ಯಾಂಕ್. ಇಂಗ್ಲಿಷ್ ಪೇಪರಿನಲ್ಲಿ ಅಳಿವೆಯ ಸ್ಯಾಂಡ್ ಬ್ಯಾಂಕ್. ಆಫೀಸಿನವರ ಬಾಯಲ್ಲಿ ‘ಅವನ ಮೇಲೆ ಬ್ಯಾಂಕ್ ಮಾಡ್ಬೇಡಿ’, ಅಂದರೆ ಅವನನ್ನು ನೆಚ್ಚಿಕೊಳ್ಳಬೇಡಿ. ಬಜಪೆಯಿಂದ ಮೇಲೇರಿದ ವಿಮಾನ ಒಂದು ರೆಕ್ಕೆ ತಗ್ಗಿಸಿ ತಿರುಗುತ್ತದಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ಬ್ಯಾಂಕ್ ಎಂದೇ ಹೇಳುತ್ತಾರೆ. ದೊಡ್ಡ ಕಟ್ಟಡದಲ್ಲಿ ಸಾಲಾಗಿ ಇರುವ ಲಿಫ್ಟುಗಳಿಗೂ ಅದೇ ಪದ.

ಕಾಲೇಜು ಹುಡುಗರು ಕ್ಲಾಸು ಬ್ಯಾಂಕ್ ಮಾಡುವುದನ್ನೂ ನಾನೇ ಸೇರಿಸಿದೆ. ಅತ್ತಿಗೆ ನನ್ನನ್ನು ಒಮ್ಮೆ ನೋಡಿದರು. ಕೂಡಲೇ ಹೊಡೆದು ಹಾಕಿದೆ. ಅದು ಬ್ಯಾಂಕ್ ಅಲ್ಲ, ಬಂಕ್, ಬೇರೆಯೇ ಪದ.

ಹೆಜ್ಜೆ 2: ರಾಶಿ ಮಾಡಿ

ಈಗ ಈ ಮಾತುಗಳನ್ನು ಗುಂಪು ಮಾಡಿ. ಮೀನು ಆರಿಸುವ ಹಾಗೆ, ಬಂಗುಡೆ ಒಂದು ಕಡೆ, ಬೂತಾಯಿ ಒಂದು ಕಡೆ.

ಹಣ, ರಕ್ತ, ಕರೆಂಟು, ಪ್ರಶ್ನೆ, ವೋಟು: ಇವೆಲ್ಲ ಕೂಡಿಟ್ಟು ಬೇಕಾದಾಗ ತೆಗೆಯುವ ಲೆಕ್ಕ, ಒಂದು ರಾಶಿ. ನೆಚ್ಚಿಕೊಳ್ಳುವುದೂ ಇದಕ್ಕೇ ಸೇರುತ್ತದೆ, ಇಟ್ಟ ಹಣ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಅದು. ಹೊಳೆಯ ದಂಡೆ, ಮರಳ ದಿಬ್ಬ ಎರಡನೇ ರಾಶಿ. ವಿಮಾನ ಓರೆಯಾಗುವುದು ಎಲ್ಲಿಗೆ? ದಂಡೆ ಓರೆಯಾಗಿರುತ್ತದೆ, ಆದ್ದರಿಂದ ಅದೂ ಎರಡನೆಯದಕ್ಕೆ. ಲಿಫ್ಟಿನ ಸಾಲು ಮಾತ್ರ ಎಲ್ಲಿಗೂ ಸೇರಲಿಲ್ಲ. ಹಾಗೇ ಪಕ್ಕಕ್ಕೆ ಇಡಿ. ಸೇರದೆ ಉಳಿದದ್ದರಲ್ಲೇ ಅನೇಕ ಸಲ ಸ್ವಾರಸ್ಯ ಇರುತ್ತದೆ.

ಹೆಜ್ಜೆ 3: ಪದದ ಹೆಗಲ ಮೇಲಿನ ಅಂಕೆ ನೋಡಿ

ಈಗ ನಿಘಂಟು ತೆಗೆಯಿರಿ. ಒಳ್ಳೆಯ ನಿಘಂಟಿನಲ್ಲಿ ಬ್ಯಾಂಕ್ ಎಂಬ ಪದ ಒಂದೇ ಸಲ ಇರುವುದಿಲ್ಲ. ಪದದ ಪಕ್ಕದಲ್ಲಿ ಚಿಕ್ಕದಾಗಿ 1, 2, 3 ಎಂದು ಇರುತ್ತದೆ. ಉಚ್ಚಾರ ಒಂದೇ ಆದರೂ ಬಂದ ದಾರಿ ಬೇರೆ ಎಂದು ಆ ಅಂಕೆ ಹೇಳುತ್ತದೆ.

ಕನ್ನಡದಲ್ಲೂ ಇದು ಉಂಟು. ಹರಿಯುವ ಹೊಳೆ ಬೇರೆ, ಮಿನುಗುವ ಹೊಳೆ ಬೇರೆ. ನಿಘಂಟಿನಲ್ಲಿ ಅವು ಎರಡು ಪದ. ಆದರೆ ‘ತಲೆ’ ಹಾಗಲ್ಲ. ತಲೆನೋವಿನ ತಲೆ, ತಲೆಗೆ ನೂರು ರೂಪಾಯಿಯ ತಲೆ, ತಲೆಮಾರಿನ ತಲೆ ಎಲ್ಲ ಒಂದೇ ಪದದ ಅರ್ಥಗಳು. ನೀವು ಮಾಡಿದ ರಾಶಿಗಳೂ ನಿಘಂಟಿನ ಅಂಕೆಗಳೂ ಹೊಂದುತ್ತವಾ ನೋಡಿ. ಹೊಂದದಿದ್ದರೆ ಒಳ್ಳೆಯದೇ, ಹುಡುಕಲು ಕೆಲಸ ಸಿಕ್ಕಿತು.

ಬ್ಯಾಂಕಿಗೆ ಮೂರು ಅಂಕೆ ಸಿಕ್ಕಿತು. ದಂಡೆ ಒಂದು, ಹಣದ್ದು ಒಂದು, ಸಾಲು ಒಂದು. ನನ್ನ ರಾಶಿ ಸರಿಯಾಗಿಯೇ ಇತ್ತು ಅಂತ ಹೆಮ್ಮೆಯಾಯಿತು. ಆ ಹೆಮ್ಮೆ ಮುಂದಿನ ಹೆಜ್ಜೆಯವರೆಗೆ ಮಾತ್ರ.

ಹೆಜ್ಜೆ 4: ಮೂಲದ ಸಾಲನ್ನು ಹಿಂದಕ್ಕೆ ಓದಿ

ಅರ್ಥಗಳ ಕೆಳಗೋ ಕೊನೆಗೋ ಚೌಕ ಕಂಸದಲ್ಲಿ ಒಂದು ಸಾಲು ಇರುತ್ತದೆ. ಓಇ, ಎಂಇ, ಓಎನ್ ಎಂಬಂಥ ಗಿಡ್ಡಕ್ಷರ ನೋಡಿ ಹೆದರಬೇಡಿ. ಓಇ ಅಂದರೆ ಹಳೆಯ ಇಂಗ್ಲಿಷ್, ಸುಮಾರು 1100ರ ತನಕದ್ದು. ಎಂಇ ಅಂದರೆ ನಡುಗಾಲದ ಇಂಗ್ಲಿಷ್, 1500ರ ತನಕ. ಓಎನ್ ಅಂದರೆ ಹಳೆಯ ನಾರ್ಸ್, ಸ್ಕ್ಯಾಂಡಿನೇವಿಯಾದ ಕಡಲಿಗರ ಭಾಷೆ. ಈ ಸಾಲು ಈಗಿನಿಂದ ಶುರುವಾಗಿ ಹಿಂದೆ ಹಿಂದೆ ಹೋಗುತ್ತದೆ. ಮಗನಿಂದ ಅಪ್ಪ, ಅಪ್ಪನಿಂದ ಅಜ್ಜ.

ದಂಡೆಯ ಬ್ಯಾಂಕ್ ಇಂಗ್ಲಿಷಿಗೆ ಬಂದದ್ದು ಸ್ಕ್ಯಾಂಡಿನೇವಿಯಾದ ಕಡೆಯಿಂದ, ಸುಮಾರು 1200ರ ಹೊತ್ತಿಗೆ. ದಿಬ್ಬ, ಏರಿ, ಹೊಳೆಯಂಚು ಎಂಬ ಅರ್ಥ.

ಹಣದ ಬ್ಯಾಂಕ್ ಬಂದದ್ದು ಬೇರೆ ದಿಕ್ಕಿನಿಂದ, ಇಟಲಿಯಿಂದ, 15ನೇ ಶತಮಾನದ ಕೊನೆಯ ಹೊತ್ತಿಗೆ. ಇಟಲಿಯ ಊರುಗಳಲ್ಲಿ ಹಣ ಬದಲಿಸಿ ಕೊಡುವವರು ಬೀದಿಯಲ್ಲಿ ಒಂದು ಬೆಂಚು, ಮೇಜು ಹಾಕಿಕೊಂಡು ಕೂರುತ್ತಿದ್ದರು. ನಮ್ಮ ಕಡೆ ಶರಾಫರು ಮಾಡುತ್ತಿದ್ದ ಕೆಲಸ. ಆ ಬೆಂಚಿಗೆ ಇಟಾಲಿಯನ್ನಿನಲ್ಲಿ ‘ಬಾಂಕೋ’, ‘ಬಾಂಕಾ’ ಎಂದು ಹೆಸರು. ಕೂರುವ ಹಲಗೆಯ ಹೆಸರೇ ವ್ಯವಹಾರದ ಹೆಸರಾಯಿತು. ಜಿನೋವಾದಲ್ಲಿ 1407ರಲ್ಲಿ ಸಂತ ಜಾರ್ಜರ ಹೆಸರಿನ ಬ್ಯಾಂಕ್ ಶುರುವಾಯಿತು. 1472ರಲ್ಲಿ ಸಿಯೆನಾದಲ್ಲಿ ಶುರುವಾದದ್ದು ಈಗಲೂ ಬಾಗಿಲು ತೆರೆದುಕೊಂಡೇ ಇದೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಬಂದದ್ದು 1694ರಲ್ಲಿ.

ಇನ್ನು ಪಕ್ಕಕ್ಕಿಟ್ಟ ಲಿಫ್ಟಿನ ಸಾಲು. ಹಳೆಯ ಕಾಲದ ದೊಡ್ಡ ಹಡಗುಗಳಲ್ಲಿ ಹುಟ್ಟು ಹಾಕುವವರು ಸಾಲಾಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಫ್ರೆಂಚರು ಆ ಬೆಂಚಿಗೆ ‘ಬಾಂಕ್’ ಎಂದರು. ಬೆಂಚಿನಿಂದ ಅದರಲ್ಲಿ ಕೂತವರ ಸಾಲು, ಹುಟ್ಟುಗಳ ಸಾಲು, ಆಮೇಲೆ ಸ್ವಿಚ್ಚುಗಳ ಸಾಲು, ಲಿಫ್ಟುಗಳ ಸಾಲು. ಲಿಫ್ಟು ಕಾಯುವಾಗ ದೋಣಿ ನೆನಪಾದರೆ ತಪ್ಪಿಲ್ಲ.

ಸಾಲಿನ ತುದಿಯವರೆಗೂ ಓದಿ. ನಡುವೆ ಬಿಡಬೇಡಿ. ಇಟಾಲಿಯನ್ನಿನ ಬಾಂಕಾ ಲ್ಯಾಟಿನ್ ಪದ ಅಲ್ಲ. ಅದು ಜರ್ಮಾನಿಕ್ ಭಾಷೆಗಳಿಂದ ಅಲ್ಲಿಗೆ ಹೋದದ್ದು. ಸ್ಕ್ಯಾಂಡಿನೇವಿಯಾದ ದಂಡೆಯೂ ಜರ್ಮಾನಿಕ್ ಕುಟುಂಬದ್ದೇ. ಹಿಂದೆ ಹೋಗುತ್ತಾ ಹೋಗುತ್ತಾ ಮೂರೂ ಒಂದೇ ಮನೆಯ ಅಂಗಳಕ್ಕೆ ಬಂದು ನಿಲ್ಲುತ್ತವೆ. ಮಣ್ಣು ಎತ್ತರವಾದರೆ ದಂಡೆ, ಹಲಗೆ ಎತ್ತರದಲ್ಲಿಟ್ಟರೆ ಬೆಂಚು. ಮೂವರು ಮಕ್ಕಳು ಬೇರೆ ಬೇರೆ ಊರಿಗೆ ಹೋಗಿ, ಬೇರೆ ಬೇರೆ ಬಸ್ಸು ಹತ್ತಿ, ಒಂದೇ ಸ್ಟ್ಯಾಂಡಿನಲ್ಲಿ ಇಳಿದ ಹಾಗೆ.

ಹಾಗಾಗಿ ಅವಳಿಗೆ ನಾನು ಕೊಟ್ಟ ಉತ್ತರ ಅರ್ಧ ತಪ್ಪು. ಇಂಗ್ಲಿಷಿನ ಮಟ್ಟಿಗೆ ಅವು ಬೇರೆ ಪದ. ಬೇರಿನ ಮಟ್ಟಿಗೆ ನೆಂಟರು.

ಹೆಜ್ಜೆ 5: ನೆಂಟರಿಷ್ಟರನ್ನು ಕರೆಯಿರಿ

ಬೇರು ಗೊತ್ತಾದ ಮೇಲೆ ಅದೇ ಬೇರಿನ ಬೇರೆ ಪದ ಹುಡುಕಬೇಕು. ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ, ಪದಗಳು ಬೇಡ ಅಂದರೂ ನೆನಪಿರುತ್ತವೆ.

ಹತ್ತಿರದ ನೆಂಟ ‘ಬೆಂಚ್’. ಅದು ಇಂಗ್ಲಿಷಿನದ್ದೇ ಹಳೆಯ ಪದ, ಹೊರಗಿನಿಂದ ಬಂದದ್ದಲ್ಲ. ಹಾಗಾದರೆ ಕ್ ಇದ್ದಲ್ಲಿ ಚ್ ಯಾಕೆ? ಹಳೆಯ ಇಂಗ್ಲಿಷಿನಲ್ಲಿ ಇ, ಎ ಸ್ವರಗಳ ಪಕ್ಕದ ಕಕಾರ ಅನೇಕ ಕಡೆ ಚಕಾರವಾಯಿತು. ಸ್ಕಾಟ್ಲೆಂಡಿನವರ ‘ಕರ್ಕ್’, ಇಂಗ್ಲಿಷಿನ ‘ಚರ್ಚ್’ ಎರಡೂ ಒಂದೇ ಪದ. ಕಾಸರಗೋಡಿನ ಕಡೆ ಓಡಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕನ್ನಡದ ಕಿವಿ ತುಳುವಿನಲ್ಲಿ ಕೆಬಿ, ಮಲಯಾಳದಲ್ಲಿ ಚೆವಿ. ನಮ್ಮ ಕೆರೆ ಅವರ ಚಿರ. ಅಲ್ಲೂ ಇ, ಎ ಪಕ್ಕದ ಕಕಾರವೇ ಚಕಾರ ಆದದ್ದು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕುಟುಂಬ, ನಾಲಿಗೆಯ ಚಾಳಿ ಮಾತ್ರ ಒಂದೇ!

ಬೆಂಚಿಗೆ ಕೋರ್ಟಿನಲ್ಲೂ ಕೆಲಸ ಉಂಟು. ನ್ಯಾಯಾಧೀಶರು ಕೂರುವ ಬೆಂಚು ಹೋಗಿ ನ್ಯಾಯಾಧೀಶರೇ ಬೆಂಚ್ ಆದರು. ನಾವು ಮಾಡಿದ್ದೂ ಅದನ್ನೇ. ಧಾರವಾಡ ಪೀಠ, ಕಲಬುರಗಿ ಪೀಠ ಎನ್ನುತ್ತೇವೆ. ಪೀಠ ಅಂದರೆ ಮೂಲದಲ್ಲಿ ಕೂರುವ ಮಣೆ ತಾನೆ.

ಮುಂದಿನ ನೆಂಟ ‘ಬ್ಯಾಂಕ್ವೆಟ್’. ಇಟಾಲಿಯನ್ನಿನ ‘ಬಾಂಕೆಟ್ಟೋ’ ಅಂದರೆ ಪುಟ್ಟ ಬೆಂಚು. ಬೆಂಚಿನಲ್ಲಿ ಕೂತು ತಿನ್ನುವ ತಿಂಡಿಯಿಂದ ಶುರುವಾಗಿ ಈಗಿನ ಬ್ಯಾಂಕ್ವೆಟ್ ಹಾಲಿನ ತನಕ ಬೆಳೆದಿದೆ. ‘ಮೌಂಟೆಬ್ಯಾಂಕ್’ ಈಗ ಕಡಮೆ ಕೇಳುವ ಪದ, ಆದರೆ ನನಗೆ ಎಲ್ಲಕ್ಕಿಂತ ಇಷ್ಟ. ಬೆಂಚು ಹತ್ತಿ ನಿಂತು ಕೂಗಿ ಕೂಗಿ ಸರ್ವರೋಗದ ಮದ್ದು ಮಾರುವವ. ನಮ್ಮ ಜಾತ್ರೆಗಳಲ್ಲಿ ಅಂಥವರಿಗೆ ಈಗ ಬೆಂಚಿನ ಬದಲು ಮೈಕು ಬಂದಿದೆ. ಹೊಳೆಗೆ ಕಟ್ಟುವ ‘ಎಂಬ್ಯಾಂಕ್‌ಮೆಂಟ್’ ದಂಡೆಯ ಕಡೆಯ ನೆಂಟ.

ಬೇರು ಹಳೆಯದಾದರೂ ಚಿಗುರು ಹೊಸದಿರುತ್ತದೆ, ಅದನ್ನೂ ಬರೆದಿಡಿ. ರಕ್ತ ಕೂಡಿಡುವ ಜಾಗಕ್ಕೆ ಬ್ಲಡ್ ಬ್ಯಾಂಕ್ ಎಂಬ ಹೆಸರಿಟ್ಟವರು ಷಿಕಾಗೋದ ವೈದ್ಯ ಬರ್ನಾರ್ಡ್ ಫ್ಯಾಂಟಸ್, 1937ರಲ್ಲಿ. ವೋಟ್ ಬ್ಯಾಂಕ್ ಎಂಬ ಮಾತು ನಮ್ಮವರದ್ದೇ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ 1955ರಲ್ಲಿ ಬರೆಯುವಾಗ ಅದನ್ನು ಬಳಸಿದರು. ಟಿವಿಯಲ್ಲಿ ದಿನಾ ಕಿರುಚುವ ಎಷ್ಟು ಜನಕ್ಕೆ ಇದು ಗೊತ್ತೋ!

ಹೆಜ್ಜೆ 6: ಮನೆಮಾತಿನ ಪಕ್ಕದಲ್ಲಿಟ್ಟು ನೋಡಿ

ಇದನ್ನು ಯಾವ ಇಂಗ್ಲಿಷ್ ಪುಸ್ತಕವೂ ಹೇಳಿಕೊಡುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ ಹೆಜ್ಜೆ ಇದೇ.

ಬೆಂಚು, ದಂಡೆ ಎರಡಕ್ಕೂ ಒಂದೇ ಬೇರು ಎಂದು ಹೇಳಿದಾಗ ಹುಡುಗಿ ನಂಬಲಿಲ್ಲ. “ಕೂತುಕೊಳ್ಳುವುದಕ್ಕೂ ಹೊಳೆಬದಿಗೂ ಎಂಥ ಸಂಬಂಧ?” ನಾನು ತಡವರಿಸಿದೆ. ಉತ್ತರ ಕೊಟ್ಟದ್ದು ಒಳಗೆ ಅಡಿಕೆ ಸುಲಿಯುತ್ತಿದ್ದ ಅಮ್ಮ. “ಕಟ್ಟೆ ಇಲ್ವಾ?”

ಹೌದಲ್ಲ! ಅಶ್ವತ್ಥಕಟ್ಟೆ ಅಂದರೆ ಕೂರುವ ಜಾಗ. ಕೆರೆಕಟ್ಟೆಯ ಕಟ್ಟೆ ಅಂದರೆ ನೀರು ತಡೆಯುವ ಏರಿ. ಒಂದೇ ಪದ, ಒಂದೇ ಬೇರು, ‘ಕಟ್ಟು’. ಮಣ್ಣೋ ಕಲ್ಲೋ ಕಟ್ಟಿ ಎತ್ತರ ಮಾಡಿದರೆ ಕಟ್ಟೆ. ಅದರ ಮೇಲೆ ಕೂತರೆ ಪಂಚಾಯಿತಿಗೆ, ಅದಕ್ಕೆ ನೀರು ತಾಗಿದರೆ ಬೇಸಾಯಕ್ಕೆ. ತೋಟದವರು ಬೇಸಿಗೆಗೆ ತೋಡಿಗೆ ಹಾಕುವ ‘ಕಟ್ಟ’, ಗದ್ದೆಯ ‘ಕಟ್ಟಪುಣಿ’, ಎರಡರಲ್ಲೂ ಅದೇ ಕಟ್ಟು. ದ್ರಾವಿಡ ಭಾಷೆಗಳ ಪದಮೂಲದ ನಿಘಂಟು ಮಾಡಿದ ಬರೋ ಮತ್ತು ಎಮೆನೋ ಕೂಡ ಕಟ್ಟೆಗೆ ಈ ಎರಡೂ ಅರ್ಥವನ್ನು ಒಟ್ಟಿಗೇ ಕೊಟ್ಟಿದ್ದಾರೆ.

ಅಂದರೆ ಯುರೋಪಿನವರು ಬ್ಯಾಂಕಿನಲ್ಲಿ ಕಂಡದ್ದನ್ನು ನಾವು ಕಟ್ಟೆಯಲ್ಲಿ ಕಂಡಿದ್ದೇವೆ. ಪದಗಳಿಗೆ ನೆಂಟಸ್ತಿಕೆ ಇಲ್ಲ, ಯೋಚನೆ ಮಾತ್ರ ಒಂದೇ. ಅರ್ಥ ಒಂದರಿಂದ ಇನ್ನೊಂದಕ್ಕೆ ಹೇಗೆ ಜಾರಿತು ಎಂದು ಅನುಮಾನ ಬಂದಾಗ ಹೀಗೆ ಮನೆಮಾತಿನಲ್ಲಿ ಜೋಡಿ ಹುಡುಕಿ. ಸಿಕ್ಕಿದರೆ ಆ ಜಾರುವಿಕೆ ಅಸಹಜ ಅಲ್ಲ ಎಂದು ಧೈರ್ಯ ಬರುತ್ತದೆ. ಹಿರಿಯರನ್ನು ಕೇಳಿ, ಅವರ ತಲೆಯಲ್ಲಿರುವ ಕನ್ನಡ, ತುಳು, ಕೊಂಕಣಿ ನಿಘಂಟಿಗಿಂತ ಬೇಗ ತೆರೆದುಕೊಳ್ಳುತ್ತದೆ.

ಹೆಜ್ಜೆ 7: ಚಂದದ ಕಥೆ ಸಿಕ್ಕಿದರೆ ನಿಲ್ಲಿ

ಬ್ಯಾಂಕ್ರಪ್ಟ್ ಎಂಬ ಪದದ ಬಗ್ಗೆ ಒಂದು ಕಥೆ ಓಡಾಡುತ್ತದೆ. ಇಟಲಿಯಲ್ಲಿ ಹಣದ ವ್ಯಾಪಾರಿ ದಿವಾಳಿಯಾದರೆ ಜನ ಬಂದು ಅವನ ಬೆಂಚನ್ನು ಕೊಡಲಿಯಲ್ಲಿ ಒಡೆಯುತ್ತಿದ್ದರಂತೆ. ನಾನೂ ಇದನ್ನು ಎಷ್ಟೋ ಜನಕ್ಕೆ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಪದದ ಮೂಲ ‘ಬಾಂಕಾ ರೊಟ್ಟಾ’, ಮುರಿದ ಬೆಂಚು ಎನ್ನುವುದು ನಿಜ. ಇಂಗ್ಲಿಷಿನವರು ಲ್ಯಾಟಿನ್ನಿನ ‘ರುಪ್ಟುಸ್’ ನೋಡಿ ಬಾಲಕ್ಕೆ ಪಕಾರ ಸೇರಿಸಿದರು. ಆದರೆ ಪದ ಹಾಗಿದೆ ಎಂದ ಮಾತ್ರಕ್ಕೆ ಕೊಡಲಿ ಬೀಸಿದ್ದರು ಎಂದಾಗುವುದಿಲ್ಲ. ನಾವು ‘ಅವನ ಸೊಂಟ ಮುರಿಯಿತು’ ಅಂದರೆ ಎಕ್ಸ್‌ರೇ ತೆಗೆಸುತ್ತೇವಾ? ವ್ಯಾಪಾರ ಮುರಿದುಬಿತ್ತು ಎನ್ನುವ ಹಾಗೆ ಬೆಂಚು ಮುರಿದಿರಬಹುದು.

ಮಂಗಳೂರಿನ ಹಂಪನಕಟ್ಟೆಗೂ ಇಂಥದ್ದೇ ಕಥೆ ಉಂಟು. ಅಪ್ಪಣ್ಣ ಎಂಬವರು ಕಟ್ಟೆಯಲ್ಲಿ ಕೂತು ದಾರಿಹೋಕರಿಗೆ ನೀರು ಕೊಡುತ್ತಿದ್ದರು, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಆಯಿತು ಎಂದು ಊರವರು ಹೇಳುತ್ತಾರೆ. ಕಥೆಯನ್ನು ಬಿಸಾಡಬೇಡಿ. ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪಕ್ಕದಲ್ಲಿ ‘ಹೇಳಿಕೆ’ ಎಂದು ಗುರುತು ಹಾಕಿ. ಹಳೆಯ ದಾಖಲೆಯೋ ಶಾಸನವೋ ಸಿಕ್ಕಿದ ದಿನ ಆ ಗುರುತು ಅಳಿಸಬಹುದು.

ಇನ್ನೊಂದು ಹೊಂಡ, ಸದ್ದಿನ ಹೋಲಿಕೆ. ಕನ್ನಡದ ಒಂದು, ಇಂಗ್ಲಿಷಿನ ಒನ್, ನೋಡಿ ಎರಡೂ ಒಂದೇ ಎಂದು ವಾಟ್ಸಾಪಿನಲ್ಲಿ ಬರುತ್ತಲೇ ಇರುತ್ತದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಅದು ‘ಆನ್’. ವಕಾರದ ಸದ್ದು ಎಷ್ಟೋ ಕಾಲದ ಮೇಲೆ ಅಂಟಿಕೊಂಡದ್ದು. ‘ಅಲೋನ್’, ‘ಓನ್ಲಿ’ ಎಂಬ ಪದಗಳಲ್ಲಿ ಆ ವಕಾರ ಈಗಲೂ ಇಲ್ಲ. ಈಗಿನ ಸದ್ದುಗಳನ್ನು ಹೋಲಿಸಬೇಡಿ, ಇಬ್ಬರ ಅಜ್ಜಂದಿರನ್ನು ಹೋಲಿಸಿ.

ಹೆಜ್ಜೆ 8: ಇಸವಿ, ಆಮೇಲೆ ಈಗಿನ ಬಳಕೆ

ನಿಘಂಟು ಕೊಡುವ ಇಸವಿ ಆ ಪದ ಬರಹದಲ್ಲಿ ಮೊದಲು ಸಿಕ್ಕಿದ ವರ್ಷ. ಬಾಯಲ್ಲಿ ಅದಕ್ಕೂ ಮೊದಲೇ ಇದ್ದಿರಬಹುದು.

ಮತ್ತೆ, ಬೇರು ಗೊತ್ತಾಯಿತು ಅಂತ ಈಗಿನ ಅರ್ಥವನ್ನು ತಿದ್ದಲು ಹೋಗಬೇಡಿ. ಪವರ್ ಬ್ಯಾಂಕ್ ಮಾರುವವನ ಹತ್ತಿರ ಬೆಂಚು ಎಲ್ಲಿ ಎಂದು ಕೇಳಿದರೆ ಅವನು ನಿಮ್ಮನ್ನೇ ನೋಡುತ್ತಾನೆ. ಪದದ ಅರ್ಥ ಇವತ್ತು ಜನ ಏನೆಂದು ಆಡುತ್ತಾರೋ ಅದು. ಮೊದಲ ಹೆಜ್ಜೆಯಲ್ಲಿ ಕಿವಿ ತೆರೆಯಿರಿ ಎಂದದ್ದು ಇದಕ್ಕೇ. ಆ ಪಟ್ಟಿ ಇಲ್ಲದೆ ನೇರ ಬೇರಿಗೆ ಹೋದವರು ಹೀಗೆ ಜಗಳಕ್ಕೆ ನಿಲ್ಲುವುದನ್ನು ನೋಡಿದ್ದೇನೆ.

ನಿಮಗೊಂದು ಕೆಲಸ

ಕರಾವಳಿಯ ಅಂಗಡಿಯವರಿಗೆಲ್ಲ ಗೊತ್ತಿರುವ ಒಂದು ಪದ ಕೊಡುತ್ತೇನೆ, ‘ಪಿಗ್ಮಿ’. ಸಂಜೆ ಬ್ಯಾಗು ಹಾಕಿಕೊಂಡು ಅಂಗಡಿ ಅಂಗಡಿಗೆ ಬರುವ ಪಿಗ್ಮಿಯವರು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ ಉಳಿತಾಯದ ಕ್ರಮ ಅದು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು, ರೂಪಾಯಿಯ ಎಂಟನೇ ಒಂದು ಪಾಲು.

ಎಂಟೂ ಹೆಜ್ಜೆ ಹಾಕಿ ನೋಡಿ. ತಲುಪುವ ಊರನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ತಡೆಯಲು ಆಗುವುದಿಲ್ಲ. ಗ್ರೀಕಿನಲ್ಲಿ ‘ಪಿಗ್ಮೆ’ ಅಂದರೆ ಮುಷ್ಟಿ. ಮೊಣಕೈಯಿಂದ ಮುಷ್ಟಿಯ ಗೆಣ್ಣಿನವರೆಗಿನ ಅಳತೆಗೂ ಅದೇ ಹೆಸರು, ನಮ್ಮ ಮೊಳಕ್ಕಿಂತ ಸ್ವಲ್ಪ ಗಿಡ್ಡ. ಗ್ರೀಕರ ಹಳೆಯ ಕಥೆಗಳಲ್ಲಿ ಕೊಕ್ಕರೆಗಳ ಜೊತೆ ಕಾದಾಡುವ ಗಿಡ್ಡ ಜನರಿಗೆ ಆ ಅಳತೆಯಿಂದ ಹೆಸರು ಬಂತು. ಅಲ್ಲಿಂದ ‘ತೀರಾ ಚಿಕ್ಕದು’ ಎಂಬ ಅರ್ಥ, ಅಲ್ಲಿಂದ ಎರಡಾಣೆ. ಮನುಷ್ಯರಿಗೆ ಈ ಪದ ಹೇಳಿದರೆ ಈಗ ಅವಮಾನ ಎಂದು ಎಣಿಸುತ್ತಾರೆ, ಅದನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ.

ಇದನ್ನು ಹೇಳಿದಾಗ ಅಮ್ಮ ಮತ್ತೆ ಒಳಗಿನಿಂದಲೇ ಕೇಳಿದರು, “ಹಾಗಾದರೆ ಅದು ಮುಷ್ಟಿ ಅಕ್ಕಿಯೇ ಅಲ್ವಾ?” ದಿನಾ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಮುಷ್ಟಿ ತೆಗೆದು ಬೇರೆ ಡಬ್ಬಿಯಲ್ಲಿ ಹಾಕಿಡುವ ಕ್ರಮ ನಮ್ಮಲ್ಲಿತ್ತು. ನಾನು ನೋಟ್‌ಬುಕ್ ತೆಗೆದು ಆರನೇ ಹೆಜ್ಜೆಯ ಕೆಳಗೆ ಬರೆದುಕೊಂಡೆ.